ಬಿಲ್ಲೆ ಇಲ್ಲದವನು

“ಗುರುಗಳೇ, ಹೆಮ್ಮೆ ಪಡುವುದು ತಪ್ಪೇ? ನ್ಯಾಯವಾಗಿ ದುಡಿದು ಗಳಿಸಿದ ಹೆಮ್ಮೆಯಾದರೂ ತಪ್ಪೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. ಹೆಮ್ಮೆ ಬಿಡು ಎಂದು ತಾವು ಯಾರಿಗೂ ಹೇಳಿದವರಲ್ಲ, ಅದಿಲ್ಲದವನಿಗೆ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯಲು ಬರುವುದಿಲ್ಲ, ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ವಿದ್ಯುತ್ ಕೊಡುವ ಒಂದು ಕಂಪನಿ ಇತ್ತು. ಅದರ ಗೇಟಿನಲ್ಲಿ ಒಂದು ಕಪ್ಪು ಬೋರ್ಡು. ಕೆಲಸದಲ್ಲಿ ಯಾರಿಗೂ ಪೆಟ್ಟಾಗದೆ ಎಷ್ಟು ದಿನ ಕಳೆಯಿತು ಎಂಬುದನ್ನು ದಿನಾ ಬೆಳಿಗ್ಗೆ ಅದರ ಮೇಲೆ ಬರೆಯುತ್ತಿದ್ದರು. ಬರೆಯುವವನು ಒಬ್ಬ ಹಿರಿಯ ಲೈನ್‌ಮ್ಯಾನ್. ಅವನು ಆ ಅಂಕಿಯನ್ನು ಮದುವೆಯ ಓಲೆಗೆ ಹೆಸರು ಬರೆಯುವವನಂತೆ ತಿದ್ದಿ ತೀಡಿ ಬರೆಯುತ್ತಿದ್ದ. ಬರೆದಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ. ನೋಡದಿದ್ದರೆ ಅವನಿಗೆ ತಿಂಡಿ ಸೇರುತ್ತಿರಲಿಲ್ಲ.

ಅವನು ಹೆಮ್ಮೆಪಡುವುದರಲ್ಲಿ ನ್ಯಾಯವಿತ್ತು. ಹಿಂದೊಮ್ಮೆ ಜೊತೆಗಾರನೊಬ್ಬ ಅವನ ಕಣ್ಣೆದುರೇ ಕಂಬದ ಮೇಲೆ ಸತ್ತಿದ್ದ. ಆ ವಾರವೇ ಇವನು ಯಜಮಾನನ ಹತ್ತಿರ ಹೋಗಿ, ಹಟ ಹಿಡಿದು, ಒಂದು ಪದ್ಧತಿ ತಂದ. ಕಂಬ ಹತ್ತುವ ಪ್ರತಿ ನೌಕರನಿಗೂ ಅವನ ಹೆಸರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಹತ್ತುವ ಮುಂಚೆ ಅದನ್ನು ಟ್ರಾನ್ಸ್‌ಫಾರ್ಮರಿನ ಪಕ್ಕದ ಮರದ ಪಟ್ಟಿಗೆ ನೇತುಹಾಕಬೇಕು. ಇಳಿದ ಮೇಲೆ ಅವನೇ ಬಂದು ತೆಗೆದುಕೊಳ್ಳಬೇಕು. ಪಟ್ಟಿ ಖಾಲಿಯಾಗುವ ತನಕ ಫ್ಯೂಸ್ ಹಾಕಿ ಕರೆಂಟು ಬಿಡುವಂತಿಲ್ಲ. ಒಂದು ಸಲ ಒಬ್ಬ ಬಿಲ್ಲೆ ಮರೆತು ಚಹಾ ಕುಡಿಯಲು ಹೋದ. ಅವನನ್ನು ಹುಡುಕಿ ತರುವವರೆಗೆ ಅರ್ಧ ಊರು ಫ್ಯಾನಿಲ್ಲದೆ ಬೆವರಿತು. ಯಜಮಾನನೇ ಬಂದು ಕೂಗಾಡಿದ. ಲೈನ್‌ಮ್ಯಾನ್ ಜಪ್ಪಯ್ಯ ಎಂದರೂ ಫ್ಯೂಸ್ ಹಾಕಲಿಲ್ಲ.

ಬೋರ್ಡಿನ ಅಂಕಿ ಎರಡು ಸಾವಿರದ ಒಂಬೈನೂರ ಎಂಬತ್ತೆಂಟಕ್ಕೆ ಬಂತು. ಮೂರು ಸಾವಿರವಾದ ದಿನ ಸರ್ಕಾರ ಕಂಪನಿಗೆ ಫಲಕ ಕೊಡುವುದೆಂದೂ, ಕಂಪನಿ ನೌಕರರಿಗೆಲ್ಲ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡುವುದೆಂದೂ ತೀರ್ಮಾನವಾಗಿತ್ತು. ವೇದಿಕೆ ಹತ್ತಿ ಫಲಕ ತೆಗೆದುಕೊಳ್ಳಬೇಕಾದವನು ಲೈನ್‌ಮ್ಯಾನೇ. ಅವನು ಜರಿಯಂಚಿನ ಪಂಚೆ ತಂದು, ಇಸ್ತ್ರಿ ಮಾಡಿಸಿ ಇಟ್ಟಿದ್ದ.

ಅಂದು ಒಂದು ಬೀದಿಯ ಹಳೆಯ ತಂತಿ ಬದಲಿಸುವ ಕೆಲಸ. ಕಂಪನಿಯ ನೌಕರರು ಏಳು ಜನ. ಜೊತೆಗೆ ಗುತ್ತಿಗೆದಾರ ಕರೆತಂದ ದಿನಗೂಲಿಯವರು. ಗುಂಡಿ ತೋಡುವುದು, ಕಂಬ ಹೊರುವುದು ಅವರ ಕೆಲಸ. ಕೈ ಸಾಲದಾದಾಗ ಅವರೂ ಕಂಬ ಹತ್ತುತ್ತಿದ್ದರು. ಎಷ್ಟೋ ವರ್ಷಗಳಿಂದ ಹಾಗೆಯೇ ನಡೆದುಬಂದಿತ್ತು. ಅವರ ಹೆಸರು ಕಂಪನಿಯ ರಿಜಿಸ್ಟರಿನಲ್ಲಿ ಇರಲಿಲ್ಲ, ಆದ್ದರಿಂದ ಅವರಿಗೆ ಬಿಲ್ಲೆಯೂ ಇರಲಿಲ್ಲ. ಇರಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಲೈನ್‌ಮ್ಯಾನನಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಏಳು ಜನವೂ ಇಳಿದು ಬಿಲ್ಲೆ ತೆಗೆದುಕೊಂಡರು. ಲೈನ್‌ಮ್ಯಾನ್ ವಾಡಿಕೆಯಂತೆ ಪಟ್ಟಿಯನ್ನು ಎರಡು ಸಲ ನೋಡಿದ. ಖಾಲಿ. ಫ್ಯೂಸ್ ಹಾಕಿದ. ಬೀದಿಯ ಕೊನೆಯ ಕಂಬದ ಮೇಲೆ ಒಬ್ಬ ದಿನಗೂಲಿಯವನು ಇನ್ನೂ ತಂತಿ ಕಟ್ಟುತ್ತಿದ್ದ.

ಅವನು ಮಣ್ಣಿನ ಗುಡ್ಡೆಯ ಮೇಲೆ ಬಿದ್ದ. ಜೀವ ಉಳಿಯಿತು, ಬಲಗೈ ಮೊಣಕೈಯವರೆಗೆ ಸುಟ್ಟಿತು. ಗುತ್ತಿಗೆದಾರ ಆಸ್ಪತ್ರೆಗೆ ಬಂದವನು, ಕೆಲಸ ಮಾಡಿದ್ದು ಅರ್ಧ ದಿನ ಎಂದು ಹೇಳಿ, ಅರ್ಧ ದಿನದ ಕೂಲಿಯನ್ನು ಪೆಟ್ಟಾದವನ ಹೆಂಡತಿಯ ಕೈಗಿತ್ತು ಕೈ ತೊಳೆದುಕೊಂಡ.

ಸಂಜೆ ಯಜಮಾನ ಲೈನ್‌ಮ್ಯಾನನ ಬೆನ್ನು ತಟ್ಟಿದ. ನೀನು ನಿಯಮ ಮೀರಿಲ್ಲ, ಆ ಮನುಷ್ಯ ನಮ್ಮವನಲ್ಲ, ನಾಳೆ ಎಂದಿನಂತೆ ಅಂಕಿ ಬರೆ ಎಂದ. ಲೈನ್‌ಮ್ಯಾನ್ ಮನೆಗೆ ಹೋದ. ನಿಯಮ ಮೀರಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನಿಯಮ ಅವನದೇ, ಅದನ್ನು ಚಾಚೂ ತಪ್ಪದೆ ಪಾಲಿಸಿಯೇ ಒಬ್ಬನನ್ನು ಸುಟ್ಟಿದ್ದ.

ಮರುದಿನ ಬೆಳಿಗ್ಗೆ ಅವನು ಒದ್ದೆ ಬಟ್ಟೆಯಿಂದ ಬೋರ್ಡು ಒರೆಸಿದ. ಸೊನ್ನೆ ಬರೆದ. ಅದರ ಕೆಳಗೆ, ಫ್ಯೂಸ್ ಹಾಕಿದವನು ನಾನು ಎಂದು ಬರೆದು ಹೆಸರು ಹಾಕಿದ. ಕೆಲಸಕ್ಕೆ ಬಂದ ನೌಕರರು ನೋಡಿ ದಂಗಾದರು. ಹನ್ನೆರಡು ದಿನ ತಾಳಿದ್ದರೆ ತಿಂಗಳ ಸಂಬಳ ಸಿಗುತ್ತಿತ್ತು, ನಮ್ಮ ಹೊಟ್ಟೆಯ ಮೇಲೆ ಹೊಡೆದ ಎಂದು ಒಬ್ಬ ಬೈದ. ಉಳಿದವರು ಮುಖ ತಿರುಗಿಸಿದರು. ಯಜಮಾನ ಕರೆಕಳಿಸಿದ.

“ಅವ್ನು ನಮ್ ರಿಜಿಸ್ಟರಲ್ಲೇ ಇಲ್ವಲ್ಲಯ್ಯ. ಯಾರ ಲೆಕ್ಕಕ್ಕೆ ಅಂತ ಸೊನ್ನೆ ಬರ್ದೆ?”

“ರಿಜಿಸ್ಟರಲ್ಲಿ ಇರ್ಲಿಲ್ಲ ಸ್ವಾಮಿ. ನಮ್ ಕಂಬದ ಮೇಲಿದ್ದ.”

ಯಜಮಾನ ಸಿಟ್ಟಿಗೆದ್ದು ಲೈನ್‌ಮ್ಯಾನನನ್ನು ನಲವತ್ತು ದಿನ ಸಂಬಳವಿಲ್ಲದೆ ಮನೆಗೆ ಕಳಿಸಿದ. ಆ ಮನುಷ್ಯನನ್ನು ಸುಟ್ಟವನು ತಾನೇ ಆದ್ದರಿಂದ ಅಷ್ಟು ತನಗೆ ಸಲ್ಲಬೇಕಾದದ್ದೇ ಎಂದುಕೊಂಡು ಲೈನ್‌ಮ್ಯಾನ್ ಹೋದ.

ಆದರೆ ಬೋರ್ಡು ಒರೆಸಲು ಯಜಮಾನ ಆಳನ್ನು ಕಳಿಸುವಷ್ಟರಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿ ಅದೇ ದಾರಿಯಲ್ಲಿ ಬಂದ. ವರ್ಷಗಟ್ಟಲೆ ಅವನು ದೊಡ್ಡ ಅಂಕಿ ನೋಡಿ ಸಂತೋಷಪಟ್ಟು ಮುಂದೆ ಹೋದವನು. ಸೊನ್ನೆ ನೋಡಿ ನಿಂತ. ಒಳಗೆ ಹೋದ, ರಿಜಿಸ್ಟರ್ ತರಿಸಿದ. ಇಪ್ಪತ್ಮೂರು ಜನ ಅದೇ ಕಂಬಗಳನ್ನು ಅರ್ಧ ಸಂಬಳಕ್ಕೆ, ಕೈಗವಸೂ ಇಲ್ಲದೆ ಹತ್ತುತ್ತಿದ್ದದ್ದು ಹೊರಗೆ ಬಂತು. ಯಜಮಾನ ಮೊದಲು ವಾದಿಸಿದ, ಆಮೇಲೆ ಗೊಣಗಿದ, ಕೊನೆಗೆ ದಂಡ ಕಟ್ಟಿದ. ಇಪ್ಪತ್ಮೂರು ಹೆಸರೂ ರಿಜಿಸ್ಟರಿಗೆ ಏರಿದವು. ಕೈ ಸುಟ್ಟವನ ಆಸ್ಪತ್ರೆಯ ಖರ್ಚನ್ನೂ ಮಲಗಿದ್ದ ದಿನಗಳ ಸಂಬಳವನ್ನೂ ಕಂಪನಿಯೇ ಕೊಟ್ಟಿತು.

ನಲವತ್ತು ದಿನ ಕಳೆದು ಲೈನ್‌ಮ್ಯಾನ್ ಕೆಲಸಕ್ಕೆ ಬಂದ. ಹೊಸ ಬಿಲ್ಲೆಗಳು ಬಂದಿದ್ದವು. ಹಳೆಯ ಪಟ್ಟಿಯಲ್ಲಿ ಜಾಗ ಸಾಲದೆ ಇನ್ನೊಂದು ಪಟ್ಟಿ ಹೊಡೆದಿದ್ದರು. ಅದರ ಪಕ್ಕದಲ್ಲಿ ಸುಟ್ಟ ಕೈಯವನು ಕುಳಿತಿದ್ದ. ಅವನು ಇನ್ನು ಕಂಬ ಹತ್ತುವಂತಿರಲಿಲ್ಲ. ಪಟ್ಟಿ ಕಾಯುವುದು, ಖಾಲಿಯಾದಾಗ ಫ್ಯೂಸ್ ಹಾಕಿಸುವುದು ಈಗ ಅವನ ಕೆಲಸ. ಲೈನ್‌ಮ್ಯಾನ್ ತನ್ನ ಬಿಲ್ಲೆಯನ್ನು ಅವನ ಎಡಗೈಗೆ ಕೊಟ್ಟ. ಅವನು ಹೆಸರು ಓದಿ, ಮೊಳೆಗೆ ಹಾಕಿ, ಹುಷಾರಾಗಿ ಹತ್ತು ಎಂದ.

ಸಂಜೆ ಅಷ್ಟೂ ಜನ ಇಳಿದರು. ಮರುದಿನ ಬೆಳಿಗ್ಗೆ ಲೈನ್‌ಮ್ಯಾನ್ ಬೋರ್ಡಿನ ಮೇಲೆ ನಲವತ್ತೊಂದು ಎಂದು ಬರೆದು ಹಿಂದೆ ಸರಿದು ನೋಡಿದ. ಅವನ ಎದೆ ತುಂಬಿ ಬಂತು. ಎರಡು ಸಾವಿರ ದಾಟಿದ ದಿನವೂ ಅವನಿಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಕತೆ ಕೇಳಿ ಚನ್ನವೀರನಿಗೂ ಹೆಮ್ಮೆ ಎನಿಸಿತು. ಆದರೆ ಒಂದು ವಿಷಯ ಅವನ ಮನಸ್ಸಿಗೆ ಒಪ್ಪಲಿಲ್ಲ. “ಆದರೂ ಪಾಪ, ಒಬ್ಬರಿಗೂ ಪೆಟ್ಟಾಗದಂತೆ ಕಾಪಾಡಿದ ಅಷ್ಟು ದಿನಗಳು ಒಂದೇ ಏಟಿಗೆ ಹೋದವಲ್ಲ ಗುರುಗಳೇ” ಎಂದ.

“ಆ ದಿನಗಳಲ್ಲಿ ಬಿಲ್ಲೆ ಇಲ್ಲದವರು ಎಷ್ಟು ಜನ ಬಿದ್ದಿದ್ದರು ಎಂದು ನೀನೂ ಕೇಳಲಿಲ್ಲವಲ್ಲ, ಚನ್ನವೀರ” ಎಂದರು ಗುರುಗಳು.