ಎತ್ತರಿಸಿದ ಬಲೆ

"ಗುರುಗಳೇ, ಈ ದಿನಚರಿಯನ್ನು ನಂಬಲೇ, ಬೆಂಕಿಗೆ ಹಾಕಲೇ?" ಎಂದು ಶಿಷ್ಯ ಕೇಳಿದ. ಆಫ್ರಿಕದ ಜನರನ್ನು ಹಿಡಿದು ಅಟ್ಲಾಂಟಿಕ್ ಸಾಗರದಾಚೆ ಮಾರಲು ಒಯ್ಯುತ್ತಿದ್ದ ಹಡಗೊಂದರ ಕಪ್ತಾನ ಬರೆದ ಪುಸ್ತಕ ಅದು. "ಬಂದಿಗಳು ಸಂತೋಷದಿಂದ ಕುಣಿದರು ಎಂದು ದಿನವೂ ಬರೆದಿದ್ದಾನೆ. ಬಂದಿಗಳು ಬರೆದದ್ದು ಒಂದಕ್ಷರವೂ ಇಲ್ಲ."

ಗುರುಗಳು ಹೇಳಿದರು:

ಅಂಥದೇ ಒಂದು ಹಡಗಿನಲ್ಲಿ ಒಬ್ಬ ನಾವಿಕನಿದ್ದ. ಊರಿನಲ್ಲಿ ಮೀನಿನ ಬಲೆ ಹೆಣೆಯುತ್ತಿದ್ದವನು ಹೊಟ್ಟೆಪಾಡಿಗೆ ಹಡಗು ಹತ್ತಿದ್ದ. ದಿನವೂ ಬೆಳಿಗ್ಗೆ ಬಂದಿಗಳನ್ನು ಮೇಲಕ್ಕೆ ತಂದು, ಚಾವಟಿ ಬೀಸಿ ಕುಣಿಸುತ್ತಿದ್ದರು. ಕೈಕಾಲು ಮರಗಟ್ಟಿದ ಮನುಷ್ಯನನ್ನು ಯಾರು ಕೊಳ್ಳುತ್ತಾರೆ! ಆ ಹಡಗಿನ ಮಹಾನುಭಾವ ಕಪ್ತಾನನೂ ಅದನ್ನೇ ಸಂತೋಷವೆಂದು ದಿನಚರಿಯಲ್ಲಿ ಬರೆಯುತ್ತಿದ್ದ.

ಒಂದು ದಿನ ಕುಣಿತದ ನಡುವೆಯೇ ಒಬ್ಬ ಹೆಂಗಸು, ಬಂದಿಗಳು ಹಾರದಂತೆ ಹಡಗಿನ ಅಂಚಿಗೆ ಕಟ್ಟಿದ್ದ ಬಲೆ ಹತ್ತಿ ಸಮುದ್ರಕ್ಕೆ ಹಾರಿದಳು. ಅವಳ ತಂಗಿ ನೋಡುತ್ತ ನಿಂತಿದ್ದಳು. ಕಪ್ತಾನ ನಾವಿಕನನ್ನು ಕರೆದು, "ಬಲೆಯನ್ನು ಎರಡು ಮೊಳ ಎತ್ತರಿಸು. ಇನ್ನೊಬ್ಬಳು ಹಾರಿದರೆ ನಿನ್ನ ಬೆನ್ನಿನ ಚರ್ಮ ಸುಲಿಸುತ್ತೇನೆ" ಎಂದ.

ಮರುದಿನ ಕುಣಿತ ಶುರುವಾದಾಗ ಬಲೆಯ ಒಂದು ಮೂಲೆ ಕಟ್ಟುವುದು ಮಾತ್ರ ಉಳಿದಿತ್ತು. ಒಬ್ಬರು ನುಸುಳುವಷ್ಟು ಸಂದಿ. ನಾವಿಕ ತಲೆ ಎತ್ತಿದ. ತಂಗಿಯ ಕಣ್ಣು ಆ ಸಂದಿಯ ಮೇಲೇ ನೆಟ್ಟಿತ್ತು. ಕಟ್ಟಿದರೆ ಅವಳಿಗೆ ಉಳಿದ ಒಂದೇ ದಾರಿ ಮುಚ್ಚುತ್ತದೆ. ಕಟ್ಟದಿದ್ದರೆ ತನ್ನ ಬೆನ್ನು ಉಳಿಯುವುದಿಲ್ಲ. ಅವಳು ಕುಣಿಯುತ್ತ ಕುಣಿಯುತ್ತ ಹತ್ತಿರ ಬಂದಳು. ಅವಳು ಓಡಿದಳು. ಅವನು ಕಣ್ಣು ಮುಚ್ಚಿ ಗಂಟು ಬಿಗಿದ.

ಅವಳು ಬಲೆಗೆ ಬಂದು ಅಪ್ಪಳಿಸಿದಳು. ಅದನ್ನು ಹಿಡಿದುಕೊಂಡೇ ಅವನ ಕಡೆ ತಿರುಗಿ ಏನೋ ಹೇಳಿದಳು. ನಾಚಿಕೆಯಿಂದ ಅವನು ಮುಖ ಎತ್ತಲಿಲ್ಲ.

"ಏನೆಂದಳು?" ಎಂದು ಕಪ್ತಾನ ಕೇಳಿದ.

"ಅವಳ ಭಾಷೆ ನನಗೆ ಬಾರದು, ಒಡೆಯ."

"ಹಾಗಾದರೆ ಬರೆಯುವಂಥದ್ದೇನೂ ಇಲ್ಲ."

ಅಂದು ಕಪ್ತಾನ ಬರೆದದ್ದು ಎರಡೇ ಸಾಲು. ಬಂದಿಗಳು ಸಂತೋಷದಿಂದ ಕುಣಿದರು. ಬಲೆಯನ್ನು ಎರಡು ಮೊಳ ಎತ್ತರಿಸಲಾಯಿತು.

ಗುರುಗಳು ಕಥೆ ಮುಗಿಸಿದರು. ಶಿಷ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. "ನೋಡಿದಿರಾ! ಅದರಲ್ಲಿ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಇಂಥ ಪುಸ್ತಕವನ್ನು ಸುಡದೆ ಇನ್ನೇನು ಮಾಡಲಿ?"

ಗುರುಗಳು ಅವನ ಕೈಯಲ್ಲಿದ್ದ ಪುಸ್ತಕವನ್ನು ನೋಡಿ ಕೇಳಿದರು:

"ಆ ಎರಡನೆಯ ಸಾಲನ್ನು ಕಪ್ತಾನನ ಕೈಯಿಂದ ಬರೆಸಿದವರು ಯಾರಯ್ಯಾ?"