ಹನ್ನೊಂದನೆಯ ಕೊಡ

"ಅಜ್ಜಾರ, ನನಗ ಓಟು ಹಾಕ್ರಿ ಅಂತ ನಾನ ಹೆಂಗ ಕೇಳ್ಲಿ? ಅದು ಜಂಬ ಆಗೂದಿಲ್ಲೇನ್ರಿ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಶಿಷ್ಯ ಸಂಗಯ್ಯ. ಅವನಿದ್ದ ಹೊಸ ಬಡಾವಣೆಯಲ್ಲಿ ಉದ್ಯಾನ ಸಮಿತಿಗೆ ಚುನಾವಣೆ ಬಂದಿತ್ತು. ಹೆಸರು ಕೊಟ್ಟು ಎಂಟು ದಿನವಾಗಿತ್ತು. ಇನ್ನೂ ಒಂದು ಮನೆಯ ಬಾಗಿಲನ್ನೂ ಅವನು ತಟ್ಟಿರಲಿಲ್ಲ.

ಗುರುಗಳು ನಕ್ಕರು. "ಉಣ್ಣಾಕೂ ಬೇಕು, ಎಲಿ ಮುಂದ ಕೂಡಾಕ ನಾಚಿಕಿ. ಕೇಳು" ಎಂದು ಕತೆ ಹೇಳಿದರು.

ಒಂದು ಊರು. ಮೂವತ್ತು ಮನೆ, ನಡುವೆ ಒಂದು ತೋಪು. ತೋಪನ್ನು ನೋಡಿಕೊಳ್ಳಲು ಐವರ ಮಂಡಳಿ. ಸ್ಥಾನವೊಂದು ಖಾಲಿಯಾದರೆ, ಅದು ಬೇಕೆನ್ನುವವರು ತೋಪಿನಲ್ಲಿ ತಲಾ ಒಂದು ಸಸಿ ನೆಡಬೇಕು. ಆಯ್ಕೆಯ ದಿನ ಮನೆಗೊಂದರಂತೆ ಕೊಡ ನೀರು ಬರುತ್ತದೆ. ಯಾರು ಬೇಕೋ ಅವರ ಸಸಿಯ ಪಾತಿಗೆ ಸುರಿಯುತ್ತಾರೆ. ಹೆಚ್ಚು ಕೊಡ ಬಿದ್ದವನಿಗೆ ಸ್ಥಾನ. ಸಸಿಗೆ ನೀರೂ ಆಯಿತು, ಊರಿಗೆ ತೀರ್ಮಾನವೂ ಆಯಿತು. ಹಿಂದಿನವರು ಬುದ್ಧಿವಂತರೇ.

ಊರು ಬೆಳೆಯಿತು. ಸುತ್ತಲಿನ ಹೊಲಗಳು ಬೀದಿಗಳಾದವು. ಮೂವತ್ತು ಮನೆ ಮುನ್ನೂರಾದವು. ತೋಪನ್ನೂ ಹಿಗ್ಗಿಸಿ ನಲವತ್ತು ಹೊಂಗೆ ಸಸಿ ನೆಟ್ಟರು. ಪದ್ಧತಿ ಮಾತ್ರ ಮೂವತ್ತು ಮನೆಯ ಕಾಲದ್ದೇ ಉಳಿಯಿತು.

ಒಂದು ಬೇಸಿಗೆಯಲ್ಲಿ ಸ್ಥಾನ ಖಾಲಿಯಾಯಿತು. ಒಬ್ಬ ವ್ಯಾಪಾರಿ, ಒಬ್ಬ ರೈತ ಮುಂದೆ ಬಂದರು. ವ್ಯಾಪಾರಿ ಒಳ್ಳೆಯವನು, ಎಲ್ಲರಿಗೂ ಬೇಕಾದವನು. ರೈತನನ್ನು ಹೊಸ ಬೀದಿಯವರು ಅರಿಯರು. ಹೊಂಗೆ ನೆಟ್ಟ ನೆಲವನ್ನು ಹಿಂದೆ ಉಳುತ್ತಿದ್ದವನು ಅವನೇ. ಅವನಿಗೆ ಆ ಸ್ಥಾನ ಬೇಕಿತ್ತು, ಬಹಳ ಬೇಕಿತ್ತು. ಅದನ್ನು ಅವನು ಮುಚ್ಚಿಡಲಿಲ್ಲ. ಮನೆಮನೆಗೆ ಹೋಗಿ, "ಇದು ಎರಿ ಮಣ್ಣು. ಇದನ್ನ ನನ್ನಷ್ಟು ಬಲ್ಲವರು ಈ ಊರಾಗ ಇಲ್ಲ. ನಿಮ್ಮ ನೀರು ನನ್ನ ಪಾತಿಗೆ ಹಾಕ್ರಿ" ಎಂದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ, ಜನ ನಂಬಿದರು.

ಆಯ್ಕೆಯ ದಿನ ಅವನು ತನ್ನ ಸಸಿಯ ಪಕ್ಕ ನಿಂತ. ಹತ್ತು ಕೊಡ ಬಿದ್ದವು. ಪಾತಿ ತುಂಬಿತು. ಕೊಡ ಹೊತ್ತವರ ಸಾಲು ಬೀದಿಯ ತುದಿ ಮುಟ್ಟಿತ್ತು. ಅಷ್ಟು ಜನ ತನಗಾಗಿ ಬಂದದ್ದು ಕಂಡು ಅವನ ಎದೆ ಉಬ್ಬಿತು. ಗೆಲ್ಲಲು ಆ ಸಾಲು ಸಾಕಿತ್ತು, ಅದೂ ಅವನಿಗೆ ಗೊತ್ತಿತ್ತು. ಆಚೆ ನೋಡಿದರೆ ನಲವತ್ತು ಹೊಂಗೆ ಸಸಿಗಳು ಬಿಸಿಲಿಗೆ ಎಲೆ ಜೋಲುಹಾಕಿ ನಿಂತಿದ್ದವು.

ಹನ್ನೊಂದನೆಯ ಕೊಡ ಒಬ್ಬ ಹೆಂಗಸಿನ ಸೊಂಟದ ಮೇಲಿತ್ತು. ಅವಳು ಸುರಿಯಲು ಬಾಗಿದಾಗ ರೈತ ಕೈ ಅಡ್ಡ ಹಿಡಿದ.

"ಸಾಕು ತಾಯಿ. ಎರಿ ಮಣ್ಣು ಕುಡಿದ ನೀರು ಬಿಡೂದಿಲ್ಲ, ಬೇರು ಕೊಳಿತೈತಿ. ಆ ಹೊಂಗಿ ಗಿಡಕ್ಕ ಹಾಕ್ರಿ."

"ಅಲ್ಲಿ ಹಾಕಿದ್ರ ನಿಮ್ಮ ಲೆಕ್ಕಕ್ಕ ಬರೂದಿಲ್ಲಲ್ರಿ?"

"ಗಿಡ ಉಳೀತೈತಿ."

ಅವಳು ಹೋಗಿ ಹೊಂಗೆಗೆ ಸುರಿದಳು. ಸಾಲಿನಲ್ಲಿ ಅವಳ ಹಿಂದಿದ್ದವರೂ ಹಾಗೇ ಮಾಡಿದರು. ಕೊನೆಗೆ ಎಣಿಸಿದಾಗ ವ್ಯಾಪಾರಿಗೆ ನೂರ ಮೂವತ್ತು ಕೊಡ, ರೈತನಿಗೆ ಹತ್ತು. ಮನೆಗೆ ಬಂದ ಲಕ್ಷ್ಮಿಯನ್ನು ಕಾಲಿಂದ ಒದ್ದ ಎಂದು ಊರು ಆಡಿಕೊಂಡು ನಕ್ಕಿತು. ರೈತನಿಗೂ ಸೋಲು ಕಹಿಯಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು. ಆದರೆ ಮನೆಗೆ ಹೋಗುವಾಗ ಅವನು ಹೊಂಗೆಯ ಸಾಲುಗಳ ನಡುವೆ ಹಾದುಹೋದ. ನಲವತ್ತು ಪಾತಿಗಳೂ ತೊಯ್ದಿದ್ದವು. ಅವನು ತಲೆ ಎತ್ತಿಕೊಂಡೇ ನಡೆದ.

ಹದಿನೈದು ದಿನಕ್ಕೆ ವ್ಯಾಪಾರಿಯ ಸಸಿ ಬೇರು ಕೊಳೆತು ಬಿತ್ತು. ನೂರ ಮೂವತ್ತು ಮನೆಯವರು ಸೇರಿ ಅದನ್ನು ಪ್ರೀತಿಯಿಂದಲೇ ಕೊಂದಿದ್ದರು. ಹೊಂಗೆಗಳೆಲ್ಲ ಚಿಗುರಿದವು. ಊರು ಎರಡನ್ನೂ ನೋಡಿತು.

ಮರುವರ್ಷ ಇನ್ನೊಂದು ಸ್ಥಾನ ಖಾಲಿಯಾಯಿತು. ರೈತ ಮತ್ತೆ ಸಸಿ ನೆಟ್ಟ, ಅವನಿಗೆದುರಾಗಿ ಇನ್ನೊಬ್ಬನೂ ನೆಟ್ಟ. ರೈತ ಮತ್ತೆ ಮನೆಮನೆಗೆ ಹೋಗಿ ಅದೇ ಮಾತು ಹೇಳಿದ. ಆಯ್ಕೆಯ ದಿನ ಅದೇ ಹೆಂಗಸು ಎಲ್ಲರಿಗಿಂತ ಮೊದಲು ಬಂದಳು. ಅವನ ಪಾತಿಯ ಕಡೆ ನೋಡಲೂ ಇಲ್ಲ.

"ಈ ಸಲ ಯಾವ ಗಿಡಕ್ಕ ಹಾಕ್ಲಿರಿ?" ಎಂದಳು.

ರೈತ ಕೈ ತೋರಿದ. ಹಿಂದೆ ಬಂದವರೂ ಅದನ್ನೇ ಕೇಳಿದರು. ಎದುರಾಳಿಯ ಕಡೆಯವರೂ ನಾಚುತ್ತ ಬಂದು ಕೇಳಿದರು. ಸಂಜೆಯ ಹೊತ್ತಿಗೆ ಇಡೀ ತೋಪು ತೊಯ್ದಿತ್ತು. ಯಾರ ಪಾತಿಯಲ್ಲೂ ಎಣಿಸುವಷ್ಟು ನೀರು ಬಿದ್ದಿರಲಿಲ್ಲ. ಮಂಡಳಿಯವರು ತಲೆ ಕೆರೆದುಕೊಂಡರು. ಆಗ ಎದ್ದು ನಿಂತವನು ಹಿಂದಿನ ವರ್ಷ ಗೆದ್ದಿದ್ದ ವ್ಯಾಪಾರಿ.

"ಎಣಸೂದೇನೈತಿ? ಎಲ್ಲಾರೂ ಯಾರನ್ನ ಕೇಳಿ ಹಾಕಿದ್ರು?" ಎಂದು ತನ್ನ ಪಕ್ಕದ ಜಾಗ ತೋರಿಸಿದ.

ರೈತ ಬೇಡವೆನ್ನಲಿಲ್ಲ. ಹೋಗಿ ಕುಳಿತ. ಅಷ್ಟು ನೆಟ್ಟಗೆ ಕುಳಿತವನನ್ನು ಆ ಮಂಡಳಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಕತೆ ಮುಗಿಯಿತು. ಸಂಗಯ್ಯನ ಮುಖ ಅರಳಿತು. "ಹಂಗಾದ್ರ ಕೇಳೂದು ತಪ್ಪಲ್ಲ. ನಾಳಿಂದ ಬಾಗಲಾ ಬಡೀತೀನ್ರಿ" ಎಂದು ಎದ್ದು ಕೈಮುಗಿದ.

"ಬಡಿ. ಆದ್ರ ಎಷ್ಟನೇ ಕೊಡಕ್ಕ ಸಾಕು ಅಂತೀ, ಅದನ್ನ ಹೇಳಿ ಹೋಗು" ಎಂದರು ಗುರುಗಳು.

ಎದ್ದಿದ್ದ ಸಂಗಯ್ಯ ಮತ್ತೆ ಕುಳಿತ.