ತೂತಿನ ಮಡಕೆಯ ಬುಗುರಿ ಹೂವು

ಲೋಕ ಆಗಿನ್ನೂ ಹಸಿ ಮಣ್ಣು. ಗುಡ್ಡಗಳು ಸರಿಯಾಗಿ ಒಣಗಿರಲಿಲ್ಲ. ಹೊಳೆಗಳಿಗೆ ತಮ್ಮ ದಾರಿ ಗೊತ್ತಿರಲಿಲ್ಲ. ಗಾಳಿ ಸಿಕ್ಕಸಿಕ್ಕವರ ಜೊತೆ ಮಾತಾಡುತ್ತ ತಿರುಗುತ್ತಿತ್ತು. ಆಗ ಹುಳು ಮಾತಾಡಿದರೂ ಮನುಷ್ಯರಿಗೆ ತಿಳಿಯುತ್ತಿತ್ತು. ತಿಳಿದರೂ ಮನುಷ್ಯರು ಕೇಳುತ್ತಿರಲಿಲ್ಲ, ಆ ಬುದ್ಧಿ ಅಂದಿನಿಂದಲೂ ಹಾಗೆಯೇ ಇದೆ.

ಮಗೂ, ಆ ಚೊಂಬನ್ನು ಮೊದಲು ಕೆಳಗಿಡು. ಕುಂಡಕ್ಕೆ ನೀರು ಆಮೇಲೆ ಹಾಕುವೆಯಂತೆ. ನಿನ್ನ ಅಜ್ಜಿಯ ಕಥೆ ಮುಗಿಯುವಷ್ಟರಲ್ಲಿ ಆ ಹೂವೇನೂ ಸಾಯುವುದಿಲ್ಲ.

ಆ ಕಾಲದಲ್ಲಿ ಎಲ್ಲ ಹೂವುಗಳೂ ಎಸಳುಗಳನ್ನು ಮೇಲಕ್ಕೆ ಎತ್ತಿಕೊಂಡೇ ಇರುತ್ತಿದ್ದವು. ಸೂರ್ಯನನ್ನು ನೋಡುವುದೊಂದೇ ಅವುಗಳಿಗೆ ಕೆಲಸ. ನಮ್ಮ ಕುಂಡದ ಈ ಹೂವೂ ಹಾಗೆಯೇ ಇತ್ತು. ನರ್ಸರಿಯವರು ಕೋನ್‌ಫ್ಲವರ್ ಎನ್ನುತ್ತಾರಲ್ಲ, ಇದೇ. ಆಗ ಇದಕ್ಕೆ ಹೆಸರಿರಲಿಲ್ಲ, ಕುಂಡವೂ ಇರಲಿಲ್ಲ. ಒಣ ದಿಬ್ಬದ ಮೇಲೆ, ಹರಳು ತುಂಬಿದ ಗರಸು ಮಣ್ಣಿನಲ್ಲಿ ಬೇರನ್ನು ಆಳಕ್ಕೆ ಇಳಿಬಿಟ್ಟು, ತಿಳಿ ನೇರಳೆ ಎಸಳುಗಳನ್ನು ಬಟ್ಟಲಿನ ಹಾಗೆ ಮೇಲಕ್ಕೆ ಹಿಡಿದು ನಿಂತಿರುತ್ತಿತ್ತು.

ದಿಬ್ಬದ ಕೆಳಗೆ ಕೆಂಚವ್ವ ಎಂಬ ಕುಂಬಾರತಿ ಇದ್ದಳು. ಅವಳಿಗಿದ್ದದ್ದು ಒಬ್ಬಳೇ ಮಗಳು, ಈರಿ. ಏಳು ವರ್ಷದವಳು. ನಡೆದಾಡುವ ಕಾಲದಲ್ಲಿ ಈರಿ ದಿನವೂ ದಿಬ್ಬ ಹತ್ತಿ ಆ ಹೂವಿನ ಜೊತೆ ಆಡುತ್ತಿದ್ದಳು. ಅದರ ನಡುವೆ ಮುಳ್ಳುಮುಳ್ಳಾದ ಕಂದು ಗುಬುಟು ಇದೆ ನೋಡು. ಅದನ್ನು ನೋಡಿ ಅವಳೇ ಅದಕ್ಕೆ ಬುಗುರಿ ಹೂವು ಎಂದು ಹೆಸರಿಟ್ಟಳು.

ಒಂದು ಮಳೆಗಾಲ ಈರಿಗೆ ಜ್ವರ ಬಂತು. ಹೋಗುವಾಗ ಅದು ಅವಳ ಕಾಲಿನ ಬಲವನ್ನು ಒಯ್ದಿತು. ಇನ್ನೊಮ್ಮೆ ಬಂದು ಅವಳ ಹಸಿವನ್ನು ಒಯ್ದಿತು. ಮತ್ತೊಮ್ಮೆ ಬಂದು ಅವಳ ನಗುವನ್ನು ಒಯ್ದಿತು. ಈರಿ ಕಿಟಕಿಯ ಕೆಳಗೆ ಚಾಪೆಯ ಮೇಲೆ ಮಲಗಿಯೇ ಇರುವಂತಾಯಿತು.

“ಯವ್ವಾ, ಬುಗುರಿ ಹೂವು ನೋಡಬೇಕನಸ್ತೈತಿ,” ಎಂದಳು ಒಂದು ದಿನ.

“ಹೊತಗೊಂಡು ಹೋಗ್ಲೇನವ್ವ ನಿನ್ನ?”

“ಮೈ ಮುಟ್ಟಿದ್ರ ನೋಯ್ತೈತಿ. ಹೂವನ್ನ ಇಲ್ಲಿಗೆ ಕರಕೊಂಡು ಬಾ.”

“ಹರಕೊಂಡು ಬರ್ತೀನಿ ತಗೋ.”

“ಹರೀಬ್ಯಾಡ ಯವ್ವಾ. ಹರಿದ್ರ ಅದೂ ನನ್ನಂಗ ಮಲಗಿಬಿಡ್ತೈತಿ.”

ಕೆಂಚವ್ವ ದಿಬ್ಬ ಹತ್ತಿ ಹೂವಿನ ಮುಂದೆ ಕುಳಿತಳು. “ನನ್ನ ಮಗಳು ಕರ್ಯಾಕತ್ತಾಳ. ಬರ್ತೀಯೇನು ನಮ್ಮನಿಗೆ?” ಎಂದು ಕೇಳಿದಳು.

“ಬರ್ತೀನಿ,” ಎಂದಿತು ಹೂವು. “ನನ್ನ ಬೇರು ಉದ್ದ ಅದಾವು, ಮಡಕಿ ಆಳ ಇರಲಿ. ಈ ಗರಸ ಮಣ್ಣನ್ನ ತುಂಬು. ನೀರು ಮಾತ್ರ ಕಡಿಮಿ ಹಾಕು.”

ಕೆಂಚವ್ವ ಮೊದಲ ಎರಡು ಮಾತು ಕೇಳಿಸಿಕೊಂಡಳು. ಮೂರನೆಯದು ಹೇಳುವಷ್ಟರಲ್ಲಿ ಅವಳು ಎದ್ದು ಮಣ್ಣು ಅಗೆಯತೊಡಗಿದ್ದಳು.

ಆಗೆಲ್ಲ ಮಡಕೆ ಇದ್ದದ್ದು ನೀರಿಗೆ, ಕಾಳಿಗೆ, ಅಡಿಗೆಗೆ. ಗಿಡ ನೆಡಲು ಮಡಕೆ ಕೊಟ್ಟವರು ಯಾರೂ ಇರಲಿಲ್ಲ. ಕೆಂಚವ್ವ ತಾನು ತಟ್ಟಿ ಸುಟ್ಟ ಮಡಕೆಗಳಲ್ಲಿ ಎಲ್ಲಕ್ಕಿಂತ ಆಳವಾದದ್ದನ್ನು ಆರಿಸಿ, ಗರಸು ತುಂಬಿ, ಹೂವನ್ನು ಬೇರುಸಮೇತ ತಂದು ನೆಟ್ಟು, ಈರಿಯ ತಲೆಯ ಮೇಲಿನ ಕಿಟಕಿಯ ಕಟ್ಟೆಯಲ್ಲಿ ಇಟ್ಟಳು. ಮಣ್ಣಿನ ಜೊತೆ ಒಂದು ಎರೆಹುಳುವೂ ಬಂತು.

ಈರಿ ಕೆಳಗಿನಿಂದ ಕಣ್ಣೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಬುಗುರಿ ಹೂವೇ, ನಿನ್ನ ಮಾರಿ ಕಾಣವಲ್ದು. ಬರೇ ಬೆನ್ನ ಕಾಣ್ತೈತಿ.”

ಹೂವು ಯೋಚಿಸಿತು. ಸೂರ್ಯನಿಂದ ಮುಖ ತಿರುಗಿಸುವುದು ಹೂವಿಗೆ ಸಣ್ಣ ಮಾತಲ್ಲ. ಅದುವರೆಗೆ ಯಾವ ಹೂವೂ ಹಾಗೆ ಮಾಡಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅದು ಒಂದು ಎಸಳನ್ನು ಕೆಳಗಿಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎಸಳುಗಳೆಲ್ಲ ಕೆಳಗೆ ಇಳಿದು ಈರಿಯ ಕಡೆಗೆ ತಿರುಗಿದ್ದವು.

“ಈಗ ಕಂಡಿ,” ಎಂದು ಈರಿ ನಕ್ಕಳು. ಜ್ವರ ಒಯ್ದಿದ್ದ ನಗು ಅದು. ಒಂದು ಗಳಿಗೆ ಮರಳಿ ಬಂದಿತ್ತು.

ಕೆಂಚವ್ವ ಆಗ ಮಡಕೆ ಸುಡುವ ಆವಿಗೆಯ ಹತ್ತಿರ ಇದ್ದಳು. ನಗುವನ್ನು ಅವಳು ನೋಡಲಿಲ್ಲ. ಸಂಜೆ ಒಳಗೆ ಬಂದವಳಿಗೆ ಕಂಡದ್ದು ಜೋತುಬಿದ್ದ ಎಸಳುಗಳು ಮಾತ್ರ.

“ಬಾಡಾಕತ್ತೈತಿ. ನೀರಡಿಸಿರಬೇಕು,” ಎಂದು ಒಂದು ಚೊಂಬು ನೀರು ಸುರಿದಳು.

“ಯವ್ವಾ, ಅದಕ್ಕ ನೀರಡಿಕಿ ಇಲ್ಲ. ನನ್ನ ನೋಡಾಕ ಬಗ್ಗೈತಿ.”

“ನೀ ಸುಮ್ನ ಮಲಗವ್ವ.”

ಮರುದಿನವೂ ಎಸಳು ಜೋತಿದ್ದವು. ಕೆಂಚವ್ವ ಎರಡು ಚೊಂಬು ಸುರಿದಳು. “ಸಾಕು,” ಎಂದಿತು ಹೂವು. “ಇನ್ನೊಂಚೂರು ಕುಡಿ,” ಎಂದಳು ಕೆಂಚವ್ವ. ಅದರ ಮರುದಿನ ಮೂರು ಚೊಂಬು. “ಸಾಕು,” ಎಂದಿತು ಹೂವು. “ಇನ್ನೊಂಚೂರು,” ಎಂದಳು ಕೆಂಚವ್ವ. ಮಗಳು ಗಂಜಿ ಬೇಡವೆಂದು ತುಟಿ ಬಿಗಿದಾಗಲೂ ಅವಳು ಹೀಗೆಯೇ ಹೇಳುತ್ತಿದ್ದಳು.

ಅತಿಯಾದರೆ ಅಮೃತವೂ ವಿಷ. ಕಥೆ ಇಲ್ಲಿಗೆ ಬಂದಾಗೆಲ್ಲ ನನಗೆ ಕೆಂಚವ್ವನ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ಆ ಸಿಟ್ಟು ಇಳಿದುಹೋಗುತ್ತದೆ. ಮಗಳಿಗೆ ಏನೂ ಮಾಡಲಾಗದವಳು ಗಿಡಕ್ಕಾದರೂ ಏನಾದರೂ ಮಾಡೋಣವೆಂದು ಹೊರಟಿದ್ದಳು, ಪಾಪ.

ನಾಲ್ಕನೆಯ ದಿನ ಎರೆಹುಳು ಏದುಸಿರು ಬಿಡುತ್ತ ಮಣ್ಣಿನ ಮೇಲೆ ಬಂತು.

“ಕೆಂಚವ್ವಾ, ತಳದಾಗ ನೀರು ನಿಂತೈತಿ. ಬೇರು ಉಸಿರುಗಟ್ಟಿ ಕೊಳ್ಯಾಕತ್ತಾವು. ಮಡಕಿ ತಳಕ್ಕ ಒಂದು ತೂತು ಹೊಡಿ. ನೀರು ಹೋದ್ರ ಹೂವು ಉಳೀತೈತಿ.”

ಕೆಂಚವ್ವನ ಮುಖ ಕೆಂಪಾಯಿತು. ಲೋಕ ಹೊಸದಾಗಿದ್ದರೂ ಸಾವು ಆಗಲೇ ಹಳೆಯದಾಗಿತ್ತು, ಅದರ ಪದ್ಧತಿಗಳೂ ಹಳೆಯವು. ಸತ್ತವರನ್ನು ಮಣ್ಣು ಮಾಡುವಾಗ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಮೂರು ಸುತ್ತು ಬರುತ್ತಾರೆ. ಸುತ್ತಿಗೊಂದು ತೂತು ಹೊಡೆಯುತ್ತಾರೆ. ಮಡಕೆಗೆ ಬೇಕೆಂದೇ ತೂತು ಹೊಡೆಯುವುದು ಅಲ್ಲಿ ಮಾತ್ರ. ಬದುಕಿರುವವರ ಮನೆಯಲ್ಲಿ ಅಂಥ ಮಡಕೆ ಇಟ್ಟರೆ ಸಾವನ್ನು ಕೈಹಿಡಿದು ಕರೆದಂತೆ ಎಂದು ಕುಂಬಾರರ ಮನೆಯ ಕೂಸಿಗೂ ಗೊತ್ತಿತ್ತು.

“ಮನ್ಯಾಗ ಮಗಳು ಹಿಂಗ ಮಲಗ್ಯಾಳ. ತೂತಿನ ಮಡಕಿ ಇಡು ಅಂತೀಯಲ್ಲ, ನಿನ್ನ ಬಾಯಾಗ ಮಣ್ಣ ಹಾಕ.”

“ನನ್ನ ಬಾಯಾಗ ಯಾವಾಗ್ಲೂ ಮಣ್ಣ ಇರ್ತೈತಿ. ಹೂವಿನ ಮಾತು ಹೇಳು,” ಎಂದಿತು ಎರೆಹುಳು.

ಕೆಂಚವ್ವ ಮಡಕೆಯನ್ನು ಹಾಗೆಯೇ ಬಿಟ್ಟು ಆವಿಗೆಯ ಕಡೆಗೆ ಹೊರಟುಹೋದಳು.

ಎಲೆಗಳು ಹಳದಿಯಾದವು. ಮಣ್ಣಿನಿಂದ ಕೊಳೆತ ವಾಸನೆ ಬರತೊಡಗಿತು. ಗಾಳಿ ಕಿಟಕಿಯಲ್ಲಿ ನಿಂತು, “ತೂತು ಹೊಡಿ, ಕೆಂಚವ್ವ,” ಎಂದಿತು. ಕೆಂಚವ್ವ ಕಿಟಕಿ ಮುಚ್ಚಿದಳು. ಹೂವಿನ ಕಾಂಡ ಮೆತ್ತಗಾಗಿತ್ತು, ಆದರೂ ಅದು ಎಸಳುಗಳನ್ನು ಈರಿಯ ಕಡೆಗೇ ಹಿಡಿದಿತ್ತು.

“ಯವ್ವಾ, ತೂತು ಹೊಡಿಯಬೇ,” ಎಂದಳು ಈರಿ. “ಅದು ಸತ್ರ ನಾ ಏನ ನೋಡ್ಕೋಂತ ಮಲಗ್ಲಿ?”

ಕೆಂಚವ್ವ ಚೂಪಾದ ಕಲ್ಲೊಂದನ್ನು ತಂದಳು. ಮಡಕೆಯನ್ನು ವಾಲಿಸಿ ತಳಕ್ಕೆ ಕಲ್ಲಿನ ಮೊನೆ ಇಟ್ಟಳು. ಮಗಳ ಮುಖ ನೋಡಿದಳು. ಕಲ್ಲನ್ನು ಕೆಳಗಿಟ್ಟಳು.

“ನಾಳಿಗೆ ನೋಡೋಣಂತ.”

ಆ ನಾಳೆ ಬಂತು, ಜೊತೆಗೆ ಜ್ವರವೂ ಬಂತು. ಈ ಸಲ ಒಯ್ಯಲು ಅದಕ್ಕೆ ಬೇರೇನೂ ಉಳಿದಿರಲಿಲ್ಲ. ಈರಿಯನ್ನೇ ಒಯ್ದಿತು.

ಒಂದು ತೂತೂ ಇಲ್ಲದ ಮಡಕೆಗಳಿದ್ದ ಮನೆಗೆ ಸಾವು ಬಂದುಹೋಗಿತ್ತು. ಅದನ್ನು ಯಾರೂ ಕೈಹಿಡಿದು ಕರೆದಿರಲಿಲ್ಲ.

ಮಗಳನ್ನು ಮಣ್ಣು ಮಾಡುವಾಗ ಕೆಂಚವ್ವನೇ ಮಡಕೆ ಹೊತ್ತಳು, ಬೇರೆ ಯಾರಿದ್ದರು? ಒಂದು ಸುತ್ತಿಗೆ ಒಂದು ತೂತು, ಎರಡನೆಯ ಸುತ್ತಿಗೆ ಇನ್ನೊಂದು, ಮೂರನೆಯ ಸುತ್ತಿಗೆ ಮತ್ತೊಂದು. ನೀರು ಅವಳ ಬೆನ್ನ ಮೇಲೆ ಸುರಿದು ಒಣ ನೆಲಕ್ಕೆ ಇಳಿದುಹೋಯಿತು. ಎಷ್ಟು ಸುಲಭವಾಗಿ ಹೋಗುತ್ತದಲ್ಲ ಎಂದುಕೊಂಡಳು.

ಮನೆಗೆ ಬಂದವಳು ಕೈಕಾಲನ್ನೂ ತೊಳೆಯದೆ ಕಲ್ಲನ್ನು ಎತ್ತಿಕೊಂಡಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಅವಳಿಗೆ ನಿಮಿಷವೂ ಬೇಕಾಗಲಿಲ್ಲ. ಕಟ್ಟೆಯ ಮೇಲೆಯೇ ಮಡಕೆಯನ್ನು ವಾಲಿಸಿ ಹೊಡೆದಳು, ಒಂದೇ ಏಟಿಗೆ ತಳದಲ್ಲಿ ತೂತು ಬಿತ್ತು. ಅಷ್ಟು ದಿನ ನಿಂತಿದ್ದ ನೀರು ಕಪ್ಪಗೆ, ನಾರುತ್ತ, ಗೋಡೆಗುಂಟ ಇಳಿದು ಕೆಳಗಿನ ಖಾಲಿ ಚಾಪೆಯನ್ನು ತೋಯಿಸಿತು. ಅವಳು ಚಾಪೆಯನ್ನು ಎತ್ತಲಿಲ್ಲ.

“ಹೊತ್ತಾತೇನು?” ಎಂದು ಕೇಳಿದಳು.

“ಒಂದ ಬೇರು ಉಳದೈತಿ,” ಎಂದಿತು ಎರೆಹುಳು. “ಇನ್ನ ಅದರ ಹಣೆಬರಹ.”

ಗಿಡ ನೆಲಮಟ್ಟಕ್ಕೆ ಒಣಗಿಹೋಯಿತು. ಕೆಂಚವ್ವ ಮಡಕೆಯನ್ನು ಬಿಸಾಡಲಿಲ್ಲ. ದಿನವೂ ಮಣ್ಣಿನೊಳಗೆ ಬೆರಳು ಅದ್ದಿ ನೋಡುತ್ತಿದ್ದಳು. ಬೆರಳಿಗೆ ತೇವ ತಾಗಿದರೆ ಸುಮ್ಮನಾಗುತ್ತಿದ್ದಳು. ಒಣಗಿದ್ದರೆ ಒಂದು ಚೊಂಬು ನೀರು ಹಾಕಿ, ಅದು ತೂತಿನಿಂದ ಹನಿಯುವವರೆಗೆ ಕಾದು, ಚೊಂಬನ್ನು ದೂರ ಇಡುತ್ತಿದ್ದಳು. ಇಷ್ಟನ್ನು ಕಲಿಯಲು ಅವಳು ಕೊಟ್ಟ ಬೆಲೆ ಯಾವ ತಾಯಿಗೂ ಬೇಡ.

ಚಳಿ ಕಳೆಯಿತು. ಕಪ್ಪು ಮಣ್ಣಿನಿಂದ ಒಂದು ಹಸಿರು ಮೊಳಕೆ ತಲೆ ಎತ್ತಿತು. ಎಲೆ ಬಂತು. ಕಾಂಡ ಬಂತು. ಮೊಗ್ಗು ಬಂತು. ಮೊಗ್ಗಿನ ಎಳೆಯ ಎಸಳುಗಳು ಹಳೆಯ ರೂಢಿಯಂತೆ ಸೂರ್ಯನ ಕಡೆಗೆ ಎದ್ದು ನಿಂತವು.

ಗಾಳಿ ಬಂದು ಮೆಲ್ಲಗೆ ಹೇಳಿತು, “ಈರಿ ಇಲ್ಲ. ಇನ್ನ ನೀ ಮ್ಯಾಲೆ ನೋಡಬಹುದು. ಸೂರ್ಯ ನಿನ್ನ ಕೇಳಾಕತ್ತಾನ.”

“ಚಾಪಿ ಇನ್ನೂ ಹಾಸೇ ಐತಿ,” ಎಂದಿತು ಹೂವು.

ನಿಜ, ಚಾಪೆ ಹಾಸಿಯೇ ಇತ್ತು. ಅದರ ಮೇಲೆ ಆ ದಿನ ಕೆಂಚವ್ವ ಮಲಗಿದ್ದಳು. ಆವಿಗೆಗೆ ಬೆಂಕಿ ಹಾಕುವ ಮನಸ್ಸಿಲ್ಲದ ದಿನಗಳಲ್ಲಿ ಅವಳು ಮಗಳ ಜಾಗದಲ್ಲಿ ಮಲಗುತ್ತಿದ್ದಳು. ಕಣ್ಣೆತ್ತಿದಾಗ ಕಂಡದ್ದು ಹೂವಿನ ಬೆನ್ನು. ಅವಳು ನೋಡುತ್ತಿದ್ದಂತೆ ಒಂದು ಎಸಳು ಕೆಳಗಿಳಿಯಿತು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎಸಳುಗಳ ಬಣ್ಣವೆಲ್ಲ ಅವಳ ಕಡೆಗೆ ತಿರುಗಿತ್ತು.

ಕೆಂಚವ್ವ ಮಣ್ಣಿಗೆ ಬೆರಳು ಅದ್ದಿ ನೋಡಿದಳು. ತೇವವಿತ್ತು.

“ಖರೇನ ನೀರಡಿಕಿ ಇರಲಿಲ್ಲ,” ಎಂದಳು. “ನನ್ನ ಕೂಸು ಹೇಳಿತ್ತು. ಎರಡು ಕಣ್ಣಿದ್ದೂ ನಾನು ನಿಂತಲ್ಲಿಂದ ನೋಡಿದೆ, ಅಕಿ ಮಲಗಿದಲ್ಲಿಂದ ನೋಡಲಿಲ್ಲ.” ಆಮೇಲೆ ಅವಳು ಅತ್ತಳು. ಹೂಳುವ ದಿನ ಬಾರದ ಅಳು ಅದು, ಸಂಜೆಯವರೆಗೂ ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ಅವಳು ಹೂವಿಗೆಂದೇ ಮಡಕೆ ಮಾಡತೊಡಗಿದಳು. ಸುಡುವ ಮೊದಲೇ, ಮಣ್ಣು ಹಸಿಯಿರುವಾಗಲೇ, ತಳಕ್ಕೆ ಬೆರಳಿನಿಂದ ತೂತು ಮಾಡುತ್ತಿದ್ದಳು. ಊರಿನ ಹೆಂಗಸರು ಹೆದರಿದರು. “ತೂತಿನ ಮಡಕಿ ಮನ್ಯಾಗ ಹ್ಯಾಂಗ ಇಡೂದು ಕೆಂಚವ್ವಾ?” ಎಂದು ಕೇಳಿದರು. “ನಾ ಇಡದ ಕುಂತಿದ್ದೆ,” ಎಂದಳು ಅವಳು. ಆಮೇಲೆ ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಬಂದು ಒಯ್ದರು.

ನಮ್ಮ ಕುಂಡದ ತಳ ಮುಟ್ಟಿ ನೋಡು, ಕೆಂಚವ್ವನ ಬೆರಳಿನಷ್ಟು ತೂತು ಇದೆ. ಈಗ ಇಲ್ಲಿ ನೆಲದ ಮೇಲೆ ನನ್ನ ಪಕ್ಕದಲ್ಲಿ ಮಲಗಿ ಮೇಲೆ ನೋಡು. ಮೊಗ್ಗಿನಲ್ಲಿ ಎಸಳುಗಳನ್ನು ಸೂರ್ಯನ ಕಡೆಗೆ ಎತ್ತಿಕೊಳ್ಳುವ ಬುಗುರಿ ಹೂವು, ಅರಳಿದ ಮೇಲೆ ಇಂದಿಗೂ ಅವನ್ನು ಒಂದೊಂದಾಗಿ ಕೆಳಗಿಳಿಸುತ್ತದೆ, ಮಗೂ, ಈರಿ ಇನ್ನೂ ಚಾಪೆಯ ಮೇಲೆ ಮಲಗಿದ್ದಾಳೆ ಎಂದುಕೊಂಡು.